ಹಿಂದಿರುಗದ ಮದ್ದುಗಳ ದಾರಿಖರ್ಚು

ಏಳು ಜನ ಅಣ್ಣತಮ್ಮಂದಿರ ಕಥೆ ಕೇಳದೆ ಬೆಳೆದವರು ಕಡಿಮೆ. ಅರಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರುತ್ತಾರೆ, ಏಳು ಕಡಲಿನಾಚೆ ಒಂದು ಮದ್ದಿನ ಗಿಡವಿರುತ್ತದೆ, ಹಿರಿಯ ಆರು ಮಂದಿ ಒಬ್ಬರ ಹಿಂದೊಬ್ಬರು ಹೊರಟು ದಾರಿಯಲ್ಲಿ ಕಲ್ಲಾಗುತ್ತಾರೆ, ಕಿರಿಯವನು ಹೋಗಿ ಮದ್ದು ತರುತ್ತಾನೆ. ಕಥೆ ಹೇಳುವ ಅಜ್ಜಿಯರು ಕಿರಿಯವನ ಕುದುರೆಯ ಬಣ್ಣ ಹೇಳುತ್ತಾರೆ, ಅವನ ಬುತ್ತಿಗಂಟಿನ ಅಂಚನ್ನೂ ಬಣ್ಣಿಸುತ್ತಾರೆ. ಆದರೆ ಕಲ್ಲಾದ ಆರು ಜನರ ಕುದುರೆಗಳಿಗೆ ಹುಲ್ಲು ಯಾರು ಹಾಕಿದರು, ಅವರ ಬುತ್ತಿಗೆ ಎಷ್ಟು ಖರ್ಚಾಯಿತು, ಅವರಿಗಾಗಿ ಅರಮನೆ ಎಷ್ಟು ವರ್ಷ ಬಾಗಿಲು ತೆರೆದಿಟ್ಟು ಕಾಯಿತು ಎಂದು ಕೇಳಿ ನೋಡಿ. "ಸುಮ್ನೆ ಮಲಗೇ, ಕಥೆಗೆ ಕಾಲಿಲ್ಲ" ಎಂದು ಹೊದಿಕೆ ಎಳೆದುಬಿಡುತ್ತಾರೆ.

ಹೊಸ ಔಷಧವೊಂದನ್ನು ರೂಪಿಸಲು ತಗಲುವ ವೆಚ್ಚವನ್ನು ಮುಂಚಿತವಾಗಿ ಅಂದಾಜು ಮಾಡುವ ವಿದ್ಯೆಯೆಂದರೆ, ಬೇರೇನೂ ಅಲ್ಲ, ಆ ಆರು ಜನ ಹಿರಿಯರ ದಾರಿಖರ್ಚನ್ನು ಮರೆಯದೆ ಬರೆದಿಡುವ ವಿದ್ಯೆ. ಅಂಗಡಿಯ ಕಪಾಟಿನಲ್ಲಿ ಕಾಣುವ ಒಂದು ಮಾತ್ರೆಯ ಹಿಂದೆ ಅಂಗಡಿಯ ಮುಖವನ್ನೇ ಕಾಣದ ಎಷ್ಟೋ ಮಾತ್ರೆಗಳಿರುತ್ತವೆ. ಅವುಗಳ ಋಣವನ್ನು ಗೆದ್ದ ಮಾತ್ರೆಯೇ ತೀರಿಸಬೇಕಾಗುತ್ತದೆ. ಈ ವಿದ್ಯೆಯಲ್ಲಿ ನಮ್ಮ ಔಷಧ ಸಂಶೋಧನಾ ಸಂಸ್ಥೆಗೆ ಒಂದು ಹೆಸರು ಬಂದಿದ್ದರೆ, ಅದು ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ಕಾಗದದಲ್ಲಿ ಮುಖ್ಯ ವೆಚ್ಚ ವಿಶ್ಲೇಷಕರೆಂದೂ ಮೆಟ್ಟಿಲ ಮೇಲೆ, ಊಟದ ಮನೆಯಲ್ಲಿ, ಕೊನೆಗೆ ನಿರ್ದೇಶಕರ ಬಾಯಲ್ಲೂ ಅಂದಾಜಕ್ಕನೆಂದೂ ಕರೆಸಿಕೊಂಡ ಹಿರಿಯರಿಂದ. ಅವರು ಅಪಾರ ಲೆಕ್ಕ ಬಲ್ಲವರೆಂದು ಈ ಅಭಿನಂದನಾ ಸಂಪುಟದಲ್ಲಿ ಅನೇಕರು ಬರೆದಿದ್ದಾರೆ. ಅವರು ಒಮ್ಮೆ ಮಾಡಿದ ತಪ್ಪಿನ ಬಗ್ಗೆ ಬರೆಯಬೇಕೆಂದು ಸ್ವತಃ ಅವರೇ ಹಟ ಹಿಡಿದದ್ದರಿಂದ, ಆ ಭಾಗ ಅವರ ವಿಭಾಗದ ಕಿರಿಯರ ಪಾಲಿಗೆ ಬಂದಿದೆ.

ಮೂರನೆಯ ಮಹಡಿಯ ಉದ್ದನೆಯ ಓಣಿಯ ತುದಿಯಲ್ಲಿ, ಗಾಜಿನ ಸಾಮಾನು ತೊಳೆಯುವ ಕೋಣೆಗೆ ಅಂಟಿಕೊಂಡೇ ಅವರ ಕೊಠಡಿ. ಗೋಡೆಯಾಚೆ ಸೀಸೆಗೆ ಸೀಸೆ ತಗುಲುವ ಸಣ್ಣ ದನಿ ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿರುತ್ತದೆ, ದೂರದಲ್ಲೆಲ್ಲೋ ಗೆಜ್ಜೆ ಕಟ್ಟಿಕೊಂಡ ಮಗು ನಿದ್ದೆಗಣ್ಣಿನಲ್ಲಿ ನಡೆದಾಡಿದ ಹಾಗೆ. ಮಧ್ಯಾಹ್ನ ಮೂರರ ಬಿಸಿಲು ಕಿಟಕಿಯಿಂದ ಇಳಿದು ಕಡತಗಳ ಮೇಲೆ ಮಗ್ಗುಲಾಗುತ್ತದೆ, ಧೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತವೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಪದವಿಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಆ ಕೊಠಡಿಗೆ ಬಂದ ತರುಣಿಗೆ ಮೊದಲ ಮೂರು ತಿಂಗಳು ಕೊಟ್ಟ ಕೆಲಸವೆಂದರೆ ಕೈಬಿಟ್ಟ ಔಷಧಗಳ ಹಳೆಯ ಕಡತಗಳನ್ನು ಓದುವುದು. ಬೇರೆಯವರಿಗೆ ಆ ಕೆಲಸ ಶಿಕ್ಷೆಯೆನಿಸುತ್ತಿತ್ತು. ಅಂದಾಜಕ್ಕನವರಿಗೆ ಅದು ಕಥೆ ಓದಿದಂತಾಯಿತು. ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತದ್ದು, ಜ್ವರ ಇಳಿಸಿ ನಿದ್ದೆ ಕೆಡಿಸಿದ್ದು, ಎಲ್ಲ ಸರಿಯಿದ್ದೂ ಹಣ ಸಾಲದೆ ನಿಂತದ್ದು. ಒಂದೊಂದಕ್ಕೂ ಒಂದು ನಂಬರು, ಒಂದು ಹುಟ್ಟು, ಒಂದು ಕೊನೆ.

ಕಾಯುವುದಕ್ಕೂ ಬೆಲೆಯಿದೆ ಎಂಬುದು ಈ ವಿದ್ಯೆಯ ಎರಡನೆಯ ಪಾಠ. ಅದನ್ನು ಅವರಷ್ಟು ಸಲೀಸಾಗಿ ಹೇಳಿಕೊಟ್ಟವರಿಲ್ಲ. "ದುಡ್ಡು ಇವತ್ತು ಮನೆ ಬಿಟ್ಟು ಹೋದ್ರೆ ಹನ್ನೆರಡು ವರ್ಷಕ್ಕೆ ವಾಪಸ್ ಬರುತ್ತೆ. ಅಷ್ಟು ದಿನ ಅದು ಇನ್ನೆಲ್ಲಾದ್ರೂ ದುಡೀಬಹುದಿತ್ತಲ್ವಾ? ಆ ದುಡೀದೇ ಇದ್ದದ್ದೂ ನಮ್ಮ ಖರ್ಚೇ ಕಣೇ" ಎನ್ನುತ್ತಿದ್ದರು. ಅವರ ಯಜಮಾನರು ಸಾರಿಗೆ ಕಚೇರಿಯಲ್ಲಿ ಬಸ್ಸುಗಳ ವೇಳಾಪಟ್ಟಿ ಬರೆಯುವವರು. "ಅವರ ಬಸ್ಸೂ ಹೇಳಿದ ಹೊತ್ತಿಗೆ ಬರಲ್ಲ, ನನ್ನ ಮದ್ದೂ ಬರಲ್ಲ. ಹಾಗಾಗಿ ನಮ್ಮನೇಲಿ ಯಾರೂ ಯಾರನ್ನೂ ತಡವಾಯ್ತು ಅಂತ ಬೈಯೋ ಹಾಗಿಲ್ಲ" ಎಂದು ನಗುತ್ತಿದ್ದರು.

ಅವರ ಸೇವೆಯ ಹತ್ತನೆಯ ವರ್ಷದಲ್ಲಿ ನಲವತ್ತೊಂದನೆಯ ನಂಬರಿನ ಔಷಧವೊಂದು ಅವರ ಮೇಜಿಗೆ ಬಂತು. ಬೆಳಗಿನ ಹೊತ್ತು ಮಕ್ಕಳ ಕೈಕಾಲು ಸೆಟೆದು ಮಧ್ಯಾಹ್ನದವರೆಗೂ ಸಡಿಲವಾಗದ, ವರ್ಷ ಕಳೆದಂತೆ ಉಸಿರಾಟದ ಸ್ನಾಯುಗಳಿಗೂ ಹಬ್ಬುವ ಒಂದು ಅಪರೂಪದ ಕಾಯಿಲೆಗೆ ಅದು ಮದ್ದು. ಅದನ್ನು ರೂಪಿಸಿದ ರಸಾಯನ ವಿಜ್ಞಾನಿಯನ್ನು ಎಲ್ಲರೂ ಕಷಾಯದ ಡಾಕ್ಟರೆಂದು ಕರೆಯುತ್ತಿದ್ದರು, ಏಕೆಂದರೆ ಅವರು ಮಾಡಿದ್ದೆಲ್ಲ ಮೊದಲಿಗೆ ಕಹಿಯಾಗಿಯೇ ಇರುತ್ತಿತ್ತು.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮದ್ದು ರೋಗಿಯ ಕೈಸೇರುವ ಮುನ್ನ ಮನುಷ್ಯರ ಮೇಲಿನ ಪರೀಕ್ಷೆಯ ಮೂರು ಬಾಗಿಲು ದಾಟಬೇಕು. ಕೇಡು ಮಾಡುವುದಿಲ್ಲವೇ ಎಂದು ಮೊದಲ ಬಾಗಿಲಲ್ಲಿ ನೋಡುತ್ತಾರೆ, ಕೆಲವೇ ರೋಗಿಗಳಿಗೆ ಗುಣ ಕೊಡುವುದೇ ಎಂದು ಎರಡನೆಯದರಲ್ಲಿ, ನೂರಾರು ರೋಗಿಗಳಲ್ಲೂ ಆ ಗುಣ ನಿಲ್ಲುವುದೇ ಎಂದು ಮೂರನೆಯದರಲ್ಲಿ. ನಮ್ಮ ಅನುಭವದಂತೆ, ಮೊದಲ ಬಾಗಿಲಿಗೆ ಬಂದು ನಿಂತ ಹತ್ತರಲ್ಲಿ ಕೊನೆಗೆ ಹೊರಬರುವುದು ಒಂದು. ಆದ್ದರಿಂದ ಅಂದಾಜು ಬರೆಯುವವರು ಒಂದು ಮದ್ದಿನ ಖರ್ಚನ್ನು ಹತ್ತರಿಂದ ಗುಣಿಸಿ, ಸೋಲುವ ಒಂಬತ್ತರ ಭಾರವನ್ನೂ ಅದರ ಹೆಗಲಿಗೆ ಹೊರಿಸುತ್ತಾರೆ. ಆದರೆ ಎರಡು ಬಾಗಿಲು ದಾಟಿ ಮೂರನೆಯದರ ಮುಂದೆ ನಿಂತ ಮದ್ದಿನ ಮಾತು ಬೇರೆ. ಅಲ್ಲಿ ಎರಡರಲ್ಲಿ ಒಂದು ಗೆಲ್ಲುತ್ತದೆ; ಅದನ್ನು ಎರಡರಿಂದ ಗುಣಿಸಿದರೆ ಸಾಕು.

ನಲವತ್ತೊಂದು ಎರಡು ಬಾಗಿಲು ದಾಟಿತ್ತು. ಮೂರನೆಯದಕ್ಕೆ ನಲವತ್ತು ಕೋಟಿ ಬೇಕಿತ್ತು. ವರ್ಷಗಟ್ಟಲೆ ಹತ್ತರಿಂದಲೇ ಗುಣಿಸಿ ರೂಢಿಯಾದ ಕೈ, ಆ ದಿನವೂ ಹತ್ತರಿಂದಲೇ ಗುಣಿಸಿತು. ಎಂಬತ್ತಾಗಬೇಕಾದದ್ದು ನಾನೂರಾಯಿತು. ಹೊಳೆ ದಾಟಿ ಬಂದವನ ಹತ್ತಿರ ಮತ್ತೆ ಮೊದಲಿನಿಂದ ದೋಣಿ ಬಾಡಿಗೆ ಕೇಳಿದಂತೆ. ನೂರು ಕೋಟಿ ಮೀರಿದ ಯಾವುದಕ್ಕೂ ಒಪ್ಪಿಗೆ ಕೊಡುವ ಅಧಿಕಾರ ಸಂಸ್ಥೆಯ ಸಮಿತಿಗೆ ಇರಲಿಲ್ಲ. ನಾನೂರೆಂಬ ಅಂಕಿಯನ್ನು ನೋಡಿ, ಚಹಾದ ಲೋಟ ಆರುವ ಮೊದಲೇ ನಲವತ್ತೊಂದನ್ನು ಕೈಬಿಟ್ಟರು.

ಆ ಸಂಜೆ ಕಷಾಯದ ಡಾಕ್ಟರು ಅಂದಾಜಕ್ಕನವರ ಕೊಠಡಿಗೆ ಬಂದು ಬಾಗಿಲಲ್ಲೇ ನಿಂತರು. ಬೈಯಲಿಲ್ಲ. "ಎರಡನೇ ಬಾಗಿಲಲ್ಲಿ ಮದ್ದು ತಗೊಂಡ ಹನ್ನೊಂದು ಮಕ್ಕಳಿದಾರೆ ಅಕ್ಕ. ಒಂಬತ್ತು ಗಂಟೆಗೆಲ್ಲ ಕೈ ಎತ್ತೋಕೆ ಶುರು ಮಾಡಿದ್ವು. ಬೀರುವಿನಲ್ಲಿ ಇನ್ನು ಎರಡು ತಿಂಗಳಿಗಾಗೋಷ್ಟು ಇದೆ. ಆಮೇಲೆ ಆ ತಾಯಂದಿರಿಗೆ ಏನು ಹೇಳ್ಲಿ, ನೀವೇ ಹೇಳಿ" ಎಂದರು. ಅಂಕಿಯನ್ನು ಕೇಳಿದವರಿಗೆ ಅಂಕಿಯಿಂದ ಉತ್ತರ ಕೊಡಬಹುದು. ತಾಯಂದಿರ ಮಾತೆತ್ತಿದವರಿಗೂ ಅಂದಾಜಕ್ಕನವರು ಆ ನಾನೂರರ ಹಾಳೆಯನ್ನೇ ತಿರುಗಿಸಿ ತೋರಿಸಿದರು. ಆಗಿನ್ನೂ ತಮ್ಮ ಲೆಕ್ಕ ಸರಿಯೆಂದೇ ಅವರು ನಂಬಿದ್ದರು.

ಮೂರು ವಾರದ ಬಳಿಕ ಒಂದು ಭಾನುವಾರ ಮಧ್ಯಾಹ್ನ, ಅವರು ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಎಂಟು ವರ್ಷದ ಮಗಳು ಪಕ್ಕದ ಮನೆಯ ಗೆಳತಿಯ ಜೊತೆ ಸೀಮೆಸುಣ್ಣದಲ್ಲಿ ಮನೆಗಳನ್ನು ಗೀಚಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದಳು. ನಡುವೆ ಮಗಳು ನೀರು ಕುಡಿಯಲು ಹೋಗಿ ಬಂದಳಂತೆ. ಗೆಳತಿ ಅವಳನ್ನು ಮೊದಲ ಮನೆಯಿಂದ ಶುರುಮಾಡೆಂದಳು.

"ಐದು ಮನೆ ಗೆದ್ದಾಯ್ತಲ್ಲೇ. ಗೆದ್ದ ಮನೇಲೆಲ್ಲ ಮತ್ತೆ ಔಟಾಗು ಅಂದ್ರೆ ಹೇಗೆ?"

"ನಿಯಮ ನಿಯಮಾನೇ."

"ನಿಂದೊಳ್ಳೆ ನಿಯಮ. ಇನ್ನುಳಿದಿರೋ ಮನೇಲಿ ಔಟಾದ್ರೆ ಔಟು, ಅಷ್ಟೇ."

ಹಿಂಡಿದ ಸೀರೆಯನ್ನು ಅರ್ಧ ಹಗ್ಗದ ಮೇಲೂ ಅರ್ಧ ಕೈಯಲ್ಲೂ ಹಿಡಿದು ಅಂದಾಜಕ್ಕನವರು ನಿಂತುಬಿಟ್ಟರು. ಗಾಳಿಗೆ ಸೀರೆ ಉಬ್ಬಿ ಇಳಿಯಿತು, ಮತ್ತೆ ಉಬ್ಬಿತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ನೀರು ತೊಟ್ಟಿಕ್ಕಿ ಸೀಮೆಸುಣ್ಣದ ಆರನೆಯ ಮನೆ ಅಳಿಸಿಹೋಯಿತೆಂದು ಮಗಳು ಗೊಣಗಿದಾಗಲೇ ಎಚ್ಚರ. ಅಡುಗೆಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಬರೆದರು: ನಲವತ್ತು, ಎರಡು, ಎಂಬತ್ತು. ಅವರತ್ತೆ ಬಂದು ನೋಡಿ, "ಏನಮ್ಮಾ, ಮುಖ ಸುಣ್ಣ ಬಳಿದ ಗೋಡೆ ಆಗಿದೆ?" ಎಂದರು. "ಒಂದು ತಪ್ಪು ಮಾಡಿದೀನಿ ಅತ್ತೆ" ಎಂದರು ಇವರು. ಅತ್ತೆ, "ತಿದ್ದೋಕಾಗೋ ತಪ್ಪಾ?" ಎಂದು ಕೇಳಿದರು. "ಇನ್ನು ಐದು ವಾರದೊಳಗಾದ್ರೆ." "ಮತ್ತೆ ಇಲ್ಲಿ ಯಾಕೆ ಕೂತಿದೀಯ?"

ಮರುದಿನ ಬೆಳಿಗ್ಗೆ ಅವರು ನಿರ್ದೇಶಕರ ಕೋಣೆಯಲ್ಲಿದ್ದರು. ಆಗಿನ ನಿರ್ದೇಶಕರು ಕೆಟ್ಟವರಲ್ಲ, ದಣಿದವರು.

"ಅಂದಾಜು ಅಂದ್ಮೇಲೆ ಹೆಚ್ಚುಕಮ್ಮಿ ಇದ್ದೇ ಇರುತ್ತಲ್ಲಮ್ಮ."

"ಹೆಚ್ಚುಕಮ್ಮಿ ಬೇರೆ ಸರ್, ತಪ್ಪು ಬೇರೆ. ಇದು ತಪ್ಪು."

"ಸಮಿತಿ ಎದ್ದುಹೋಗಿ ಮೂರು ವಾರ ಆಯ್ತು. ಆ ದುಡ್ಡು ಬೇರೆ ಕಡೆ ಹೊರಟು ನಿಂತಿದೆ. ಈಗ ಇದನ್ನ ಎತ್ತಿದ್ರೆ ನಿಮ್ಮ ಕುರ್ಚಿ ಉಳಿಯಲ್ಲ, ಯೋಚನೆ ಮಾಡಿ."

"ಕುರ್ಚಿ ಹೋದ್ರೆ ಸ್ಟೂಲಿದೆ ಸರ್, ಅದ್ರ ಮೇಲೆ ಕೂತ್ಕೋತೀನಿ."

ಸಮಿತಿ ಮತ್ತೆ ಸೇರಿತು. ಉದ್ದನೆಯ ಮೇಜಿನ ಮೇಲೆ ತಪ್ಪು ಹಾಳೆಯನ್ನೂ ಸರಿ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಎಲ್ಲಿ ಕೈ ಜಾರಿತೆಂಬುದನ್ನು ಅವರು ನಿಂತುಕೊಂಡೇ ವಿವರಿಸಿದರು. ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು, "ಮೊದಲನೇದು ತಪ್ಪು ಅಂತೀರಿ. ಎರಡನೇದನ್ನ ನಾವು ಯಾವ ಧೈರ್ಯದ ಮೇಲೆ ನಂಬೋಣ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. "ನಂಬಬೇಡಿ ಸರ್. ಹೊರಗಿನವರ ಕೈಲಿ ಮಾಡಿಸಿ. ನನ್ನ ಹಾಳೆ ಮಾತ್ರ ಅವರಿಗೆ ತೋರಿಸಬೇಡಿ" ಎಂದರು. ಹೊರಗಿನಿಂದ ಬಂದ ಅಂದಾಜುಗಾರರು ನಾಲ್ಕು ವಾರ ಕೂತು ಎಂಬತ್ತಾರೆಂದು ಬರೆದುಕೊಟ್ಟರು. ಬೀರುವಿನ ಮದ್ದು ಮುಗಿಯಲು ನಾಲ್ಕು ದಿನವಿದ್ದಾಗ ನಲವತ್ತೊಂದಕ್ಕೆ ಮೂರನೆಯ ಬಾಗಿಲು ತೆರೆಯಿತು. ಅದೇ ದಿನ, ಆಡಳಿತಾತ್ಮಕ ಕಾರಣಗಳಿಗಾಗಿ ಎಂಬ ಒಂದು ಸಾಲಿನ ಆದೇಶದೊಂದಿಗೆ, ಅಂದಾಜಕ್ಕನವರನ್ನು ನೆಲಮಾಳಿಗೆಯ ಉಗ್ರಾಣಕ್ಕೆ ವರ್ಗ ಮಾಡಲಾಯಿತು.

ಅಲ್ಲಿ ಕಳೆದ ಎರಡು ವರ್ಷಗಳನ್ನು ಅವರು ವನವಾಸವೆಂದು ಯಾವತ್ತೂ ಕರೆದಿಲ್ಲ. ಉಗ್ರಾಣದಲ್ಲಿ ಹಗಲೂ ಮಬ್ಬು ಬೆಳಕು. ಹತ್ತಿಯ ಉರುಳೆಗಳು, ಸ್ಪಿರಿಟ್ಟಿನ ಡಬ್ಬಿಗಳು, ಇಲಿಗಳ ಆಹಾರದ ಮೂಟೆಗಳು ಸಾಲಾಗಿ ಹಳೆಯ ಕೋಟೆಯೊಳಗೆ ಮಲಗಿದ ಕಾವಲುಗಾರರಂತೆ. ಅದನ್ನು ನೋಡಿಕೊಳ್ಳುತ್ತಿದ್ದ, ಎಲ್ಲರೂ ಉಗ್ರಾಣದ ಮಾವನೆಂದು ಕರೆಯುತ್ತಿದ್ದ ಹಿರಿಯರು ಮೊದಲ ದಿನವೇ, "ಬಾಮ್ಮ, ಮೇಲೆ ಕೂತು ಅಂದಾಜು ಬರೀತಿದ್ದೆ, ಇಲ್ಲಿ ಕೂತು ಒಡೆದದ್ದನ್ನ ಎಣಿಸು" ಎಂದರಂತೆ. ಇವರು ಎಣಿಸಿದರು. ವರ್ಷಕ್ಕೆ ಎಷ್ಟು ಸೀಸೆ ಒಡೆಯುತ್ತದೆ, ಕರೆಂಟು ಹೋಗಿ ತಂಪುಪೆಟ್ಟಿಗೆಯಲ್ಲಿ ಎಷ್ಟು ಮಾದರಿ ಕೆಡುತ್ತದೆ, ತಪ್ಪು ಲೇಬಲು ಬಿದ್ದು ಎಷ್ಟು ವಾರದ ದುಡಿಮೆ ಚರಂಡಿ ಸೇರುತ್ತದೆ. ಇದಾವುದೂ ಮೇಲಿನ ಹಾಳೆಗಳಿಗೆ ಅದುವರೆಗೆ ಹತ್ತಿರಲೇ ಇಲ್ಲ. ಮತ್ತೆ ಮೂರನೆಯ ಮಹಡಿಗೆ ಕರೆಸಿಕೊಂಡ ಮೇಲೆ, ನಾಲ್ಕೂ ಅಂತಸ್ತುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಸೀಸೆ ತೊಳೆಯುವವರನ್ನೂ ಇಲಿಗಳಿಗೆ ಆಹಾರ ಹಾಕುವವರನ್ನೂ ಕೇಳದೆ ಅವರು ಒಂದು ಅಂದಾಜಿಗೂ ಸಹಿ ಹಾಕಲಿಲ್ಲ. ಈಗ ಎಲ್ಲರೂ ಬಳಸುವ, ಗೆದ್ದರೆ, ಹೋದರೆ, ತಡವಾದರೆ ಎಂಬ ಮೂರು ಕಲಮುಗಳ ನಮೂನೆ ಆ ಸುತ್ತಾಟದಲ್ಲಿ ಹುಟ್ಟಿದ್ದು. ಪ್ರತಿ ಹಾಳೆಯಲ್ಲೂ ಮದ್ದು ಎಷ್ಟು ಬಾಗಿಲು ದಾಟಿದೆಯೆಂದು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ ಬರೆಯುವ ಕ್ರಮವೂ ಅವರದೇ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಕೇಳುವವರಿಗೆ ಸುಖವಾಗುತ್ತಿತ್ತು. ಆದರೆ ಆರು ವರ್ಷದ ಪರೀಕ್ಷೆಯ ಬಳಿಕ ನಲವತ್ತೊಂದು ಮೂರನೆಯ ಬಾಗಿಲಲ್ಲಿ ಸೋತಿತು. ಕೈಕಾಲು ಸಡಿಲವಾಗುತ್ತಿದ್ದುದು ನಿಜ, ಆದರೆ ದಿನ ಕಳೆದಂತೆ ಮಕ್ಕಳ ಮೂತ್ರಪಿಂಡ ಬಳಲುತ್ತಿತ್ತು. ಔಷಧವನ್ನು ನಿಲ್ಲಿಸಿದರು. ಆ ಹನ್ನೊಂದು ಮಕ್ಕಳ ಬೆಳಗುಗಳು ಮೊದಲಿನಂತೆಯೇ ಆದವು. ಕಷಾಯದ ಡಾಕ್ಟರು ಮೆಟ್ಟಿಲಿನ ತಿರುವಿನಲ್ಲಿ ಕುಳಿತಿದ್ದರು; ಅಂದಾಜಕ್ಕನವರು ಹೋಗಿ ಪಕ್ಕದಲ್ಲಿ ಕುಳಿತರು. ಮೇಲಿನಿಂದ ಇಳಿದು ಬಂದ ಲೆಕ್ಕಪತ್ರ ವಿಭಾಗದ ಹಿರಿಯರು ಇಬ್ಬರನ್ನೂ ನೋಡಿ, "ಏನಕ್ಕ, ನಲವತ್ತು ಕೋಟಿ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ. ಆವತ್ತು ನೀವು ಸುಮ್ನಿದ್ದಿದ್ರೆ ಉಳೀತಿತ್ತು" ಎಂದರು.

"ಎಂಬತ್ತರಲ್ಲಿ ನಲವತ್ತು ಇಂಥ ದಿನಕ್ಕೆ ಅಂತಾನೇ ಬರೆದಿದ್ದೆ" ಎಂದರು ಅಂದಾಜಕ್ಕನವರು. "ಸುಮ್ನಿದ್ದಿದ್ರೆ ಇದು ಎಲ್ಲಿ ಸೋಲುತ್ತೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಗ ಗೊತ್ತಾಗಿದೆ." ಆಮೇಲೆ ಡಾಕ್ಟರ ಕಡೆ ತಿರುಗಿ, "ಎರಡರಲ್ಲಿ ಒಂದು ಹೋಯ್ತು. ಇನ್ನೊಂದು ಯಾವಾಗ ತರ್ತೀರಿ?" ಎಂದು ಕೇಳಿದರು.

ಇನ್ನೊಂದು ಬರಲು ಹದಿನೈದು ವರ್ಷ ಹಿಡಿಯಿತು. ಮೂತ್ರಪಿಂಡಕ್ಕೆ ಭಾರವಾಗುತ್ತಿದ್ದ ಅಂಶವನ್ನು ಬಿಟ್ಟು, ಉಳಿದದ್ದನ್ನು ಹೊಸದಾಗಿ ಹೆಣೆದು ಕಷಾಯದ ಡಾಕ್ಟರು ಮಾಡಿದ ಮದ್ದಿಗೆ ಸಂಸ್ಥೆಯಲ್ಲಿ ತಂಗಿ ಎಂದೇ ಹೆಸರು. ಅಕ್ಕನಾದ ನಲವತ್ತೊಂದು ಎಡವಿದ ಜಾಗಗಳೆಲ್ಲ ಗೊತ್ತಿದ್ದುದರಿಂದ ತಂಗಿ ಮೊದಲೆರಡು ಬಾಗಿಲುಗಳನ್ನು ಅಗ್ಗದಲ್ಲಿ ದಾಟಿತು. ಎರಡು ವರ್ಷದ ಹಿಂದೆ ಅದಕ್ಕೆ ಅನುಮತಿ ಸಿಕ್ಕಿತು. ಪತ್ರಿಕೆಯವರು ಖರ್ಚೆಷ್ಟಾಯಿತೆಂದು ಕೇಳಿದಾಗ, ಪ್ರಚಾರ ವಿಭಾಗದ ಹುಡುಗರು ತಂಗಿಯದಷ್ಟನ್ನೇ, ಐವತ್ತೊಂದು ಕೋಟಿಯೆಂದು, ಹೆಮ್ಮೆಯಿಂದ ಬರೆದು ತಂದರು. ಅಂದಾಜಕ್ಕನವರು ಆ ಕಾಗದಕ್ಕೆ ಸಹಿ ಹಾಕಲಿಲ್ಲ. "ಅಕ್ಕನ ಒಡವೆ ಕರಗಿಸಿ ತಂಗಿಗೆ ಹಾಕಿ, ತಂಗಿಗೆ ಏನೂ ಖರ್ಚಾಗ್ಲಿಲ್ಲ ಅಂತ ಊರಿಗೆಲ್ಲ ಸಾರ್ತೀರಾ? ನಲವತ್ತು ಸೇರಿಸ್ಕೊಂಡು ಬನ್ನಿ" ಎಂದು ಹಿಂದಕ್ಕೆ ಕಳಿಸಿದರು. ಒಟ್ಟು ತೊಂಬತ್ತೊಂದೆಂದೇ ಅಚ್ಚಾಯಿತು. ಅದಾದ ಮೇಲೆ ಸಮಿತಿಯ ಮುಂದೆ ನಿಂತು, ಇಪ್ಪತ್ತೆರಡು ವರ್ಷದ ಹಿಂದೆ ತಾವು ಕೊಟ್ಟ ಎಂಬತ್ತಕ್ಕಿಂತ ಹನ್ನೊಂದು ಹೆಚ್ಚಾಯಿತೆಂದು ಅವರು ಕ್ಷಮೆ ಕೇಳಿದಾಗ, ನಗಬೇಕೋ ಏಳಬೇಕೋ ತಿಳಿಯದೆ ಸದಸ್ಯರೆಲ್ಲ ಎದ್ದು ನಿಂತರು.

ಕಳೆದ ತಿಂಗಳು ಒಂದು ಪತ್ರ ಬಂತು. ತಂಗಿ ಮದ್ದು ತೆಗೆದುಕೊಳ್ಳುತ್ತಿರುವ ಹುಡುಗಿಯೊಬ್ಬಳ ತಾಯಿ ಆಸ್ಪತ್ರೆಯ ಮೂಲಕ ಬರೆದದ್ದು. ಅದರಲ್ಲಿ ಕೃತಜ್ಞತೆಗಿಂತ ದೂರೇ ಹೆಚ್ಚು: ಏಳು ವರ್ಷದ ಮಗಳು ಬೆಳಕು ಹರಿಯುವ ಮೊದಲೇ ಎದ್ದು ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ನೆರೆಹೊರೆಯವರ ಬಾಗಿಲು ಬಡಿಯುತ್ತಾಳೆ, ಹಿಡಿದು ಕೂರಿಸಲು ಆಗುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ವಿಭಾಗದ ಕಿರಿಯಳೊಬ್ಬಳು ಅದನ್ನು ಗಟ್ಟಿಯಾಗಿ ಓದಿದಳು. ಅಂದಾಜಕ್ಕನವರು ಪೆನ್ಸಿಲು ಕೆಳಗಿಟ್ಟು ಕೇಳಿದರು. ಗೋಡೆಯಾಚೆ ಸೀಸೆಗಳ ಸದ್ದು ನಿಂತಿತ್ತು. ತೊಳೆಯುವವರೂ ಬಾಗಿಲಿಗೆ ಬಂದು ನಿಂತಿದ್ದರು.

"ಎಷ್ಟು ಗಂಟೆಗೆ ಏಳ್ತಾಳಂತೆ?"

"ಐದೂವರೆಗೆ ಅಂತ ಬರೆದಿದಾರೆ."

"ಹಾಗಾದ್ರೆ ಆ ತಾಯಿಗೆ ಬೆಳಗಿನ ನಿದ್ದೆ ಹೋಯ್ತು ಅನ್ನು." ಪೆನ್ಸಿಲನ್ನು ಮತ್ತೆ ಕೈಗೆತ್ತಿಕೊಂಡು, "ಅದೊಂದು ಖರ್ಚನ್ನ ನಾನು ಯಾವ ಲೆಕ್ಕದಲ್ಲೂ ಹಿಡಿದಿರಲಿಲ್ಲ" ಎಂದರು. ಕಣ್ಣು ಒರೆಸಿಕೊಂಡರೋ ಕನ್ನಡಕ ಒರೆಸಿಕೊಂಡರೋ, ಬಾಗಿಲಲ್ಲಿ ನಿಂತವರಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ.

ನಿವೃತ್ತಿಯ ನಂತರ ಹೊಸಬರಿಗಾಗಿ ಅಂದಾಜಿನ ಒಂದು ಕೈಪಿಡಿ ಬರೆಯುವುದಾಗಿ ಅವರು ಒಪ್ಪಿಕೊಂಡಿದ್ದಾರೆ. ಮೊದಲ ಅಧ್ಯಾಯವಾಗಿ, ನಾನೂರು ಕೋಟಿಯ ಆ ತಪ್ಪು ಹಾಳೆಯನ್ನು ತಮ್ಮ ಸಹಿಯೊಡನೆ ಇದ್ದಂತೆಯೇ ಅಚ್ಚು ಹಾಕಲು ಸಂಸ್ಥೆಯಿಂದ ಬರಹದಲ್ಲಿ ಅನುಮತಿಯನ್ನೂ ಪಡೆದಿದ್ದಾರೆ. ಆ ಗ್ರಂಥ ಪೂರ್ಣಗೊಳ್ಳಲಿ, ಅದನ್ನು ಓದಿ ಬೆಳೆದವರ ಅಂದಾಜುಗಳನ್ನು ತಿದ್ದಲು ಅವರ ಕೆಂಪು ಶಾಯಿ ಬತ್ತದಿರಲಿ, ವಾರಕ್ಕೊಮ್ಮೆಯಾದರೂ ಮೂರನೆಯ ಮಹಡಿಯ ಮೆಟ್ಟಿಲು ಅವರ ಚಪ್ಪಲಿಯ ಸದ್ದನ್ನು ಕೇಳಲಿ. ಅವರ ಆಯುಷ್ಯ ಇಷ್ಟಿರಲಿ ಎಂದು ಅಂಕಿಯಲ್ಲಿ ಬರೆದು ಹಾರೈಸುವಷ್ಟು ಧೈರ್ಯ ಅವರ ಕೈಕೆಳಗೆ ಕಲಿತ ನಮಗೆ ಯಾರಿಗೂ ಇಲ್ಲ. ಅಂದಾಜು ಮೀರುವುದು ನಮ್ಮ ಕಸುಬಿನಲ್ಲಿ ದೋಷವೆಂದು ಅವರೇ ಕಲಿಸಿದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ಅವರು ನಮ್ಮೆಲ್ಲರ ಅಂದಾಜನ್ನೂ ಧಾರಾಳವಾಗಿ ಮೀರಲಿ.